ಕಡಲಿಲ್ಲದ ಜಿಲ್ಲೆಯ ಕಪ್ತಾನರಿಗೆ

ಕೊಡಗಿಗೆ ಕಡಲಿಲ್ಲ. ಆದರೂ ಈ ತಿಂಗಳ ಪ್ರಶ್ನೆಗಳಲ್ಲಿ ಹೆಚ್ಚಿನವು ಬಂದದ್ದು ಯುದ್ಧನೌಕೆಗಳ ಬಗ್ಗೆ. ಬಹುತೇಕರು ಆಡುತ್ತಿರುವುದು ವಾರ್‌ಗೇಮಿಂಗ್ ಸಂಸ್ಥೆ 2015ರಲ್ಲಿ ಕಂಪ್ಯೂಟರಿಗೆ ತಂದ ‘ವರ್ಲ್ಡ್ ಆಫ್ ವಾರ್‌ಶಿಪ್ಸ್’. ಸಾಮಾನ್ಯ ಪಂದ್ಯದಲ್ಲಿ ಒಂದೊಂದು ಕಡೆಗೆ 12 ಹಡಗು, ಹೆಚ್ಚೆಂದರೆ 20 ನಿಮಿಷ. ಹೆಸರಿಗೆ ಇತಿಹಾಸದ ಹಡಗುಗಳಾದರೂ ಆಟ ಆರ್ಕೇಡ್ ಜಾತಿಯದು: ಗಂಟೆಗಟ್ಟಲೆ ಹಿಡಿಯುವ ಚಲನೆ ಇಲ್ಲಿ ನಿಮಿಷಗಳಲ್ಲಿ ಮುಗಿಯುತ್ತದೆ, ಮುರಿದ ಟರೆಟ್ (ತಿರುಗುವ ಫಿರಂಗಿ ಗೂಡು) ಅರೆಗಳಿಗೆಯಲ್ಲಿ ರಿಪೇರಿಯಾಗುತ್ತದೆ. ಕೆಳಗಿನ ಅಂಕಿಗಳು ಅಪ್‌ಡೇಟ್ ಬಂದಾಗ ಅಲ್ಪಸ್ವಲ್ಪ ಬದಲಾಗುವುದುಂಟು. ನಿಮ್ಮ ಹಡಗಿನ ಈಗಿನ ಲೆಕ್ಕವನ್ನು ಪೋರ್ಟಿನ (ಪಂದ್ಯಗಳ ನಡುವೆ ಹಡಗು ನಿಲ್ಲುವ ಬಂದರು) ಪರದೆಯಲ್ಲಿ ಒಮ್ಮೆ ನೋಡಿಕೊಳ್ಳಿ.

ಪ್ರಶ್ನೆ: ನನ್ನದು ಬ್ಯಾಟಲ್‌ಶಿಪ್ (ದೊಡ್ಡ ಫಿರಂಗಿಯ, ದಪ್ಪ ತಗಡಿನ ಹಡಗು). ಗುಂಡು ಸರಿಯಾಗಿಯೇ ತಾಗುತ್ತದೆ, ಆದರೆ ಐದಾರು ಶೆಲ್ ಬಿದ್ದರೂ ಎದುರಿನವನಿಗೆ ಹೋಗುವುದು ಎರಡು-ಮೂರು ಸಾವಿರ ಹಿಟ್ ಪಾಯಿಂಟ್ (ಹಡಗಿನ ಆಯುಸ್ಸಿನ ಅಂಕ) ಮಾತ್ರ. ಗೆಳೆಯನಿಗೆ ಅದೇ ಹಡಗಿನಲ್ಲಿ ಒಂದೇ ಸುತ್ತಿಗೆ ಇಪ್ಪತ್ತು ಸಾವಿರ ಸಿಗುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
— ಪಿಯುಸಿ ವಿದ್ಯಾರ್ಥಿ, ಗೋಣಿಕೊಪ್ಪ

ಉತ್ತರ: ತಾಗುವುದು ಬೇರೆ, ಹೊಗುವುದು ಬೇರೆ. ಪಂದ್ಯದ ನಡುವೆ ಪರದೆಯ ಬಲಮೇಲ್ಗಡೆ ಬೀಳುವ ರಿಬ್ಬನ್‌ಗಳನ್ನು ಓದುವ ಅಭ್ಯಾಸ ಮಾಡಿಕೊಳ್ಳಿ, ಉತ್ತರ ಅಲ್ಲಿಯೇ ಇದೆ. ನಿಮ್ಮ ಎಪಿ (ತಗಡು ಕೊರೆದು ಒಳಗೆ ಸಿಡಿಯುವ) ಶೆಲ್ಲಿನ ಗರಿಷ್ಠ ಡ್ಯಾಮೇಜ್ 12,000 ಎಂದಿಟ್ಟುಕೊಳ್ಳಿ. ಎಂಜಿನ್ನೂ ಮದ್ದಿನಮನೆಯೂ ಇರುವ ಸಿಟಡೆಲ್ ಒಳಗೆ ಸಿಡಿದರೆ ಪೂರ್ತಿ 12,000. ಹಡಗಿನ ಬೇರೆ ಭಾಗದೊಳಗೆ ಸಿಡಿದರೆ 33 ಶೇಕಡಾ, ಅಂದರೆ 3,960. ಈ ಪಕ್ಕೆಯಲ್ಲಿ ಹೊಕ್ಕು ಸಿಡಿಯದೆ ಆ ಪಕ್ಕೆಯಲ್ಲಿ ಹೊರಬಿದ್ದರೆ (ಇದೇ ಓವರ್‌ಪೆನ್) 10 ಶೇಕಡಾ, ಬರೀ 1,200. ಜಾರಿದರೆ, ಪುಡಿಯಾದರೆ ಸೊನ್ನೆ. ನಿಮ್ಮ ಎರಡು-ಮೂರು ಸಾವಿರ ಎಂದರೆ ಎರಡು ಓವರ್‌ಪೆನ್, ಮಿಕ್ಕವು ಜಾರಿದವು.

ಜಾರುವುದೇಕೆ? ಪಕ್ಕೆಗೆ ನೆಟ್ಟಗೆ ಬಡಿಯುವುದನ್ನು 0 ಡಿಗ್ರಿ ಎನ್ನಿ. ಓರೆ ಹೆಚ್ಚಾಗುತ್ತ 45 ದಾಟಿದ ಮೇಲೆ ಎಪಿ ಜಾರಲೂಬಹುದು, 60 ದಾಟಿದರೆ ಜಾರಿಯೇ ಜಾರುತ್ತದೆ. ಕೆಲವೇ ಹಡಗುಗಳ ಶೆಲ್ಲಿಗೆ ಈ ಮಿತಿ ತುಸು ಸಡಿಲ. ಹಾಗಾಗಿ ಮೂತಿ ನಿಮ್ಮತ್ತ ತಿರುಗಿಸಿಕೊಂಡು ಬರುವ ಹಡಗಿನ ಪಕ್ಕೆಗೆ ಎಪಿ ಹೊಡೆಯುವುದು ಮಳೆಗಾಲದಲ್ಲಿ ಹಂಚಿನ ಮಾಡಿನ ಮೇಲೆ ಕಲ್ಲೆಸೆದಂತೆ: ಸದ್ದು ಬರುತ್ತದೆ, ಕಲ್ಲು ಉರುಳಿ ಅಂಗಳಕ್ಕೆ ಬೀಳುತ್ತದೆ.

ಇದಕ್ಕೊಂದು ಅಪವಾದ ಇದೆ, ಬ್ಯಾಟಲ್‌ಶಿಪ್ ಓಡಿಸುವವರು ಬಾಯಿಪಾಠ ಮಾಡಬೇಕಾದದ್ದು. ನಿಮ್ಮ ಫಿರಂಗಿಯ ವ್ಯಾಸ ಎದುರಿನ ತಗಡಿನ ದಪ್ಪದ 14.3 ಪಟ್ಟಿಗಿಂತ ಹೆಚ್ಚಿದ್ದರೆ ಓರೆ-ಗೀರೆ ಲೆಕ್ಕಕ್ಕೇ ಬರುವುದಿಲ್ಲ, ಶೆಲ್ ಜಾರದೆ ಒಳಹೋಗುತ್ತದೆ. ಮೂತಿಯಲ್ಲಿ 27 ಮಿ.ಮೀ. ತಗಡಿರುವ ಕ್ರೂಸರ್ (ಮಧ್ಯಮ ಗಾತ್ರದ ಯುದ್ಧನೌಕೆ) ಎದುರಿಗಿದೆ ಎನ್ನಿ. 27ನ್ನು 14.3ರಿಂದ ಗುಣಿಸಿದರೆ 386. ಬಿಸ್ಮಾರ್ಕಿನ 380 ಮಿ.ಮೀ. ಶೆಲ್ ಅಲ್ಲಿ ಜಾರುತ್ತದೆ, ಅಯೋವಾದ 406 ಮಿ.ಮೀ. ಹೊಗುತ್ತದೆ. 32 ಮಿ.ಮೀ. ಮೂತಿಗೆ ಬೇಕಾದದ್ದು 457.6ಕ್ಕಿಂತ ದೊಡ್ಡದು, ಯಮಾಟೊದ 460 ಮಿ.ಮೀ. ಫಿರಂಗಿಯ ಭಯ ಇಷ್ಟೊಂದು ಇರುವುದು ಈ 2.4 ಮಿಲಿಮೀಟರಿನ ಅಂತರಕ್ಕೆ.

ಆದ್ದರಿಂದ ಮೊದಲು ಪಕ್ಕೆ ತೋರಿಸುತ್ತಿರುವ ಹಡಗನ್ನು ಹುಡುಕಿ, ನೀರಿನ ಗೆರೆಗೆ ತಾಗುವಂತೆ ಹೊಡೆಯಿರಿ. ಎಲ್ಲರೂ ಮೂತಿ ತಿರುಗಿಸಿ ಕೂತಿದ್ದರೆ ಎಪಿಯಲ್ಲಿಯೇ ಡೆಕ್ಕಿನ ಮೇಲಿನ ಕಟ್ಟಡಕ್ಕೆ ಗುರಿ ಎತ್ತಿ, ಇಲ್ಲವೇ ಎಚ್‌ಇಗೆ (ತಾಗಿದೊಡನೆ ಸಿಡಿದು ಬೆಂಕಿ ಹಚ್ಚಬಲ್ಲ ಶೆಲ್) ಬದಲಿಸಿ. ಡೆಸ್ಟ್ರಾಯರ್ (ಸಣ್ಣ, ಚುರುಕು ಹಡಗು) ಎದುರಾದರೆ ಎಚ್‌ಇ ವಾಸಿ. ಅದರ ತೆಳು ಮೈಯಲ್ಲಿ ದೊಡ್ಡ ಎಪಿ ಸಿಡಿಯುವಷ್ಟು ಹೊತ್ತೂ ನಿಲ್ಲದೆ ದಾಟಿಬಿಡುತ್ತದೆ. ಬದಲಿಸುವಾಗ ಒಂದು ಸೂಕ್ಷ್ಮ: 1 ಎಚ್‌ಇ, 2 ಎಪಿ. ಕೀ ಒಮ್ಮೆ ಒತ್ತಿದರೆ ಈಗ ತುಂಬಿರುವುದು ಹಾಗೆಯೇ ಉಳಿದು ಮುಂದಿನ ಸುತ್ತು ಬದಲಾಗುತ್ತದೆ. ಎರಡು ಸಲ ಒತ್ತಿದರೆ ತುಂಬಿದ್ದನ್ನು ತೆಗೆದು ಆಗಿಂದಲೇ ರೀಲೋಡ್ ಶುರು. ಗಾಬರಿಯಲ್ಲಿ ಎರಡು ಸಲ ಒತ್ತಿ 30 ಸೆಕೆಂಡ್ ಬರಿಗೈಯಲ್ಲಿ ನಿಲ್ಲುವವರು ಬಹಳ. ತುಂಬಿದ್ದನ್ನು ಹೊಡೆದೇ ಬದಲಿಸಿ.

ಪ್ರಶ್ನೆ: ಓಡುತ್ತಿರುವ ಹಡಗಿಗೆ ಎಷ್ಟು ಮುಂದೆ ಗುರಿ ಇಡಬೇಕು?
— ವಿರಾಜಪೇಟೆ

ಉತ್ತರ: ಕೈಲ್‌ಪೊಳ್ದ್ ಹಬ್ಬದ ತೆಂಗಿನಕಾಯಿ ಕಟ್ಟಿದಲ್ಲೇ ಇರುತ್ತದೆ. ಇಲ್ಲಿ ಕಾಯಿಯೂ ಓಡುತ್ತದೆ, ಗುಂಡೂ ಹತ್ತು ಸೆಕೆಂಡ್ ತಡಮಾಡಿ ತಲುಪುತ್ತದೆ. ಶಿಫ್ಟ್ ಒತ್ತಿ ದುರ್ಬೀನಿಗೆ ಹೋದಾಗ ಗುರಿಯ ಪಕ್ಕ ಶೆಲ್ಲಿನ ಹಾರಾಟದ ಸಮಯ ಕಾಣುತ್ತದೆ. ಸೆಟ್ಟಿಂಗ್ಸಿನಲ್ಲಿ ಡೈನಾಮಿಕ್ ಗುರಿಗೆರೆ ಆರಿಸಿಕೊಂಡಿದ್ದರೆ, ಸುಮಾರು 30 ನಾಟ್ ವೇಗದಲ್ಲಿ ಅಡ್ಡಕ್ಕೆ ಹಾಯುತ್ತಿರುವ ಹಡಗಿಗೆ ಎಷ್ಟು ಸೆಕೆಂಡೋ ಅಷ್ಟನೇ ಗೆರೆ ಎಂಬುದು ಒಳ್ಳೆಯ ಆರಂಭ. ಎಂಟು ಸೆಕೆಂಡಾದರೆ ಎಂಟನೇ ಗೆರೆಯನ್ನು ಅದರ ನಡುವಿಗೆ ತನ್ನಿ. 20 ನಾಟಿನ ಹಳೆಯ ಬ್ಯಾಟಲ್‌ಶಿಪ್ಪಾದರೆ ಅದರ ಮೂರರಲ್ಲಿ ಎರಡು ಪಾಲು. ನಿಮ್ಮತ್ತ ಓರೆಯಾಗಿ ಬರುತ್ತಿದ್ದರೆ ಇನ್ನೂ ಕಡಿಮೆ.

ಚಿಮಣಿಯ ಹೊಗೆ ನೋಡಿ. ಹಿಂದಕ್ಕೆ ಉದ್ದ ಎಳೆದಿದ್ದರೆ ಓಟದಲ್ಲಿದೆ, ನೆಟ್ಟಗೆ ಮೇಲೆ ಹೋಗುತ್ತಿದ್ದರೆ ನಿಲ್ಲಿಸಿದ್ದಾನೆ. ಎಕ್ಸ್ ಕೀ ಒತ್ತಿ ಆ ಹಡಗನ್ನು ಲಾಕ್ ಮಾಡಿಕೊಳ್ಳದೆ ಹೊಡೆದರೆ ಗುಂಡುಗಳು ಬೇಕಾಬಿಟ್ಟಿ ಚದುರುತ್ತವೆ. ಹೊಸಬರ ‘ನನ್ನ ಹಡಗೇ ಸರಿಯಿಲ್ಲ’ ಎಂಬ ದೂರಿನಲ್ಲಿ ಅರ್ಧ ಇದೇ. ಸಂಶಯವಿದ್ದರೆ ಎಲ್ಲ ಟರೆಟ್ಟನ್ನೂ ಒಟ್ಟಿಗೆ ಹಾರಿಸಬೇಡಿ. ಒಂದು ಕ್ಲಿಕ್ಕಿಗೆ ಒಂದು ಟರೆಟ್, ಡಬಲ್ ಕ್ಲಿಕ್ಕಿಗೆ ಎಲ್ಲವೂ. ಒಂದನ್ನು ಹೊಡೆದು ನೀರು ಎಲ್ಲಿ ಚಿಮ್ಮಿತು ನೋಡಿ, ತಿದ್ದಿ, ಉಳಿದವನ್ನು ಬಿಡಿ.

ಪ್ರಶ್ನೆ: ಟಿಯರ್ (ಹಂತ) 9ರ ಕ್ರೂಸರ್ ತೆಗೆದುಕೊಂಡೆ. ಆರು ಅಪ್‌ಗ್ರೇಡ್ ಜಾಗ, ಕಪ್ತಾನನ ಸ್ಕಿಲ್ ಬೇರೆ. ಇಂಟರ್‌ನೆಟ್ಟಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದನ್ನು ಹಾಕಲಿ? ನನ್ನ ಹಡಗಿನ ರೇಂಜ್ ಕಡಿಮೆ, ಅದನ್ನು ಹೆಚ್ಚಿಸಬೇಕೆಂದಿದ್ದೇನೆ.
— ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಕೊನೆಯ ಸಾಲಿನಿಂದಲೇ ಶುರುಮಾಡೋಣ, ಎಡವುವುದು ಅಲ್ಲಿಯೇ. ಹಡಗಿಗೆ ಏನು ಕಡಿಮೆಯೋ ಅದನ್ನು ತುಂಬಲು ಹೋಗುವುದು ಸಹಜ. ಆದರೆ ಶೇಕಡಾವಾರು ಲೆಕ್ಕದಲ್ಲಿ ಕೊಡುವ ಅಪ್‌ಗ್ರೇಡ್ ದೊಡ್ಡ ಅಂಕಿಯ ಮೇಲೆ ದೊಡ್ಡದಾಗುತ್ತದೆ, ಸಣ್ಣದರ ಮೇಲೆ ಸಣ್ಣದಾಗುತ್ತದೆ. ರೊಬಸ್ಟಾ ಗಿಡಕ್ಕೆ ಎಷ್ಟು ಗೊಬ್ಬರ ಸುರಿದರೂ ಅರೇಬಿಕಾ ಆಗದು. ಒಳ್ಳೆಯ ರೊಬಸ್ಟಾ ಆಗುತ್ತದೆ. ಹಡಗು ಯಾವುದರಲ್ಲಿ ಚೆನ್ನಾಗಿದೆಯೋ ಅದಕ್ಕೆ ಹಾಕಿ.

ರೇಂಜಿನ ವಿಷಯದಲ್ಲಿ ಇನ್ನೊಂದು ಮುಳ್ಳಿದೆ. ಆರನೇ ಜಾಗದಲ್ಲಿ ಕೂರುವ ಗನ್ ಫೈರ್ ಕಂಟ್ರೋಲ್ ಸಿಸ್ಟಂ ಮಾಡಿಫಿಕೇಶನ್ 2 ರೇಂಜನ್ನು 16 ಶೇಕಡಾ ಹೆಚ್ಚಿಸುತ್ತದೆ. 16 ಕಿ.ಮೀ. ಇದ್ದದ್ದು 18.56 ಆಗುತ್ತದೆ. ಸರಿ. ಆದರೆ ಮುಖ್ಯ ಫಿರಂಗಿ ಹಾರಿಸಿದ ಕೂಡಲೇ 20 ಸೆಕೆಂಡ್ ಕಾಲ ನೀವು ಶತ್ರುವಿಗೆ ಕಾಣುವ ದೂರ ನಿಮ್ಮ ಫಿರಂಗಿಯ ರೇಂಜಿನಷ್ಟೇ ಆಗುತ್ತದೆ. ಅಂದರೆ ಮೊದಲು 16 ಕಿ.ಮೀ. ಒಳಗಿದ್ದವರಿಗೆ ಮಾತ್ರ ಕಾಣುತ್ತಿದ್ದವರು ಈಗ 18.56ರವರೆಗೂ ಕಾಣುತ್ತೀರಿ. ದೂರದಿಂದ ಹೊಡೆದು ಓಡುವ ಹಡಗಾದರೆ ಇದು ಪರವಾಗಿಲ್ಲ. ದ್ವೀಪದ ಮರೆಯಲ್ಲಿ ನಿಂತು 11-12 ಕಿ.ಮೀ.ನಿಂದ ಹೊಡೆಯುವ ಕ್ರೂಸರಿಗೆ ಅದು ಹಣ ಕೊಟ್ಟು ತಂದ ತೊಂದರೆ. ಅದೇ ಆರನೇ ಜಾಗಕ್ಕೆ ಮೇನ್ ಬ್ಯಾಟರಿ ಮಾಡಿಫಿಕೇಶನ್ 3 ಹಾಕಿದರೆ ರೀಲೋಡ್ 12 ಶೇಕಡಾ ಕಡಿಮೆ: 12 ಸೆಕೆಂಡ್ ಇದ್ದದ್ದು 10.56. ಬದಲಿಗೆ ಟರೆಟ್ ತಿರುಗುವ ವೇಗ 13 ಶೇಕಡಾ ಇಳಿಯುತ್ತದೆ. 180 ಡಿಗ್ರಿಗೆ 30 ಸೆಕೆಂಡ್ ಹಿಡಿಯುತ್ತಿದ್ದದ್ದು 34.5 ಹಿಡಿಯುತ್ತದೆ. ನಿಂತು ಹೊಡೆಯುವವನಿಗೆ ಇದು ಲಾಭ, ಬಳುಕುತ್ತ ಓಡುವವನಿಗೆ ಕಿರಿಕಿರಿ. ಟರೆಟ್ ಮೊದಲೇ ನಿಧಾನ ಇರುವ ಹಡಗಿಗೆ ಹಾಕುವ ಮುನ್ನ ಎರಡು ಸಲ ಯೋಚಿಸಿ.

ಐದನೇ ಜಾಗ ಟಿಯರ್ 8ರಿಂದ ಸಿಗುತ್ತದೆ. ಅಲ್ಲಿ ಕನ್ಸೀಲ್‌ಮೆಂಟ್ (ಶತ್ರುವಿಗೆ ನೀವು ಕಾಣುವ ದೂರವನ್ನು ಇಳಿಸುವಂಥದ್ದು) ಹಾಕದಿರಲು ಬಲವಾದ ಕಾರಣ ಬೇಕು. ಅಪ್‌ಗ್ರೇಡಿನಿಂದ 10 ಶೇಕಡಾ, ಕಪ್ತಾನನ ಸ್ಕಿಲ್ಲಿನಿಂದ 10 ಶೇಕಡಾ. ಎರಡೂ ಕೂಡಿ 20 ಅಲ್ಲ, ಒಂದರ ಮೇಲೊಂದು ಗುಣಿಸುತ್ತದೆ. 12 ಕಿ.ಮೀ.ಗೆ ಕಾಣುತ್ತಿದ್ದ ಕ್ರೂಸರ್ 12 × 0.9 × 0.9 = 9.72 ಕಿ.ಮೀ.ಗೆ ಇಳಿಯುತ್ತದೆ. ಎರಡೂಕಾಲು ಕಿಲೋಮೀಟರ್ ಹೆಚ್ಚು ಹತ್ತಿರ ಹೋಗಿ, ಮೊದಲ ಸುತ್ತು ಹೊಡೆದು, ಕೆಟ್ಟರೆ ಫಿರಂಗಿ ನಿಲ್ಲಿಸಿ 20 ಸೆಕೆಂಡ್ ಎಣಿಸಿ ಮಾಯವಾಗುವ ಸೌಕರ್ಯ ಬೇರೆ ಯಾವ ಅಪ್‌ಗ್ರೇಡೂ ಕೊಡುವುದಿಲ್ಲ.

ಮೂರನೇ ಜಾಗದಲ್ಲಿ ಗುಂಡಿನ ಚದುರುವಿಕೆಯನ್ನು 7 ಶೇಕಡಾ ಇಳಿಸುವ ಏಮಿಂಗ್ ಸಿಸ್ಟಮ್ಸ್, ನಾಲ್ಕನೆಯದರಲ್ಲಿ ಚುಕ್ಕಾಣಿ ಇಲ್ಲವೇ ಎಂಜಿನ್. ಮೊದಲೆರಡು ಜಾಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಪೆಟ್ಟು ತಡೆಯುವಂಥದ್ದು ಏನಾದರೂ ಹಾಕಿ.

ಕಪ್ತಾನನಿಗೆ ಸ್ಕಿಲ್ ಕೊಡುವಾಗ ನಾಲ್ಕನೇ ಸಾಲಿಗೆ ಬೇಗ ತಲುಪಬೇಕು. ಪ್ರತಿ ಸಾಲಿನಲ್ಲಿ ಒಂದನ್ನಾದರೂ ತೆಗೆದೇ ಮುಂದಿನದಕ್ಕೆ ಹೋಗಬೇಕಾದ್ದರಿಂದ 1, 2, 3, 4 ಕೂಡಿ 10 ಪಾಯಿಂಟ್ ಆಗುತ್ತದೆ. ಕ್ರೂಸರಿಗೂ ಡೆಸ್ಟ್ರಾಯರಿಗೂ ಆ ನಾಲ್ಕು ಪಾಯಿಂಟ್ ಕನ್ಸೀಲ್‌ಮೆಂಟಿಗೆ ಹೋಗಲಿ. ಬ್ಯಾಟಲ್‌ಶಿಪ್ಪಾದರೆ ಬೆಂಕಿ ತಡೆಯುವ ಸ್ಕಿಲ್ ಗಟ್ಟಿ ಪೈಪೋಟಿ ಕೊಡುತ್ತದೆ, ಒಂದೇ ಹೊತ್ತಿಗೆ ಹೊತ್ತಬಹುದಾದ ಬೆಂಕಿಯನ್ನು ನಾಲ್ಕರಿಂದ ಮೂರಕ್ಕೆ ಇಳಿಸುವುದು ಅದರ ಕೆಲಸ.

ಹೊಸ ಹಡಗು ಕೊಂಡಾಗ ಇನ್ನೊಂದು ಮಾತು. ಅದು ಬರುವುದು ಹಳೆಯ ಬಿಡಿಭಾಗಗಳೊಂದಿಗೆ. ಎಕ್ಸ್‌ಪೀರಿಯನ್ಸ್ ಕೂಡಿದಂತೆ ಮೊದಲು ಹಲ್, ಅಂದರೆ ಹಡಗಿನ ಒಡಲನ್ನೇ ಬದಲಿಸಿ. ಹಿಟ್ ಪಾಯಿಂಟ್ ಏರುವುದು ಅದರಲ್ಲಿ. ಎಂಜಿನ್ ಸಾಮಾನ್ಯವಾಗಿ ಕೊನೆಗೆ.

ಪ್ರಶ್ನೆ: ಬೆಂಕಿ ಹೊತ್ತಿದ ತಕ್ಷಣ ಆರ್ ಒತ್ತಿ ನಂದಿಸುತ್ತೇನೆ. ಆದರೂ ಸುಟ್ಟೇ ಸಾಯುತ್ತೇನೆ.
— ಮಡಿಕೇರಿ

ಉತ್ತರ: ತಕ್ಷಣ ಒತ್ತುವುದೇ ಕಾರಣ. ಒಂದು ಬೆಂಕಿ ಸೆಕೆಂಡಿಗೆ ನಿಮ್ಮ ಪೂರ್ಣ ಹಿಟ್ ಪಾಯಿಂಟಿನ 0.3 ಶೇಕಡಾ ತಿನ್ನುತ್ತದೆ. ಬ್ಯಾಟಲ್‌ಶಿಪ್ಪಿನಲ್ಲಿ ಅದು ಉರಿಯುವುದು 60 ಸೆಕೆಂಡ್, ಒಟ್ಟು 18 ಶೇಕಡಾ. ಕ್ರೂಸರಿನಲ್ಲಿ 30 ಸೆಕೆಂಡ್, 9 ಶೇಕಡಾ. ಒಂದೇ ಬೆಂಕಿಗೆ ಆರ್ ಖರ್ಚು ಮಾಡಿದರೆ ಅದು ಮತ್ತೆ ಸಿದ್ಧವಾಗುವ ತನಕ ಬೀಳುವ ಎರಡು-ಮೂರು ಬೆಂಕಿಗೆ, ಅದಕ್ಕಿಂತ ಕೆಟ್ಟದಾಗಿ ಟಾರ್ಪಿಡೊ ಬಡಿದು ನುಗ್ಗುವ ನೀರಿಗೆ, ನಿಮ್ಮ ಹತ್ತಿರ ಮದ್ದಿಲ್ಲ.

ಬ್ಯಾಟಲ್‌ಶಿಪ್ಪಿನಲ್ಲಿ ಒಂದು ಬೆಂಕಿಯನ್ನು ಉರಿಯಲು ಬಿಡಿ. ಎರಡಾದಾಗ, ಇನ್ನೂ ಎಚ್‌ಇ ಮಳೆ ಸುರಿಯುತ್ತಿದೆಯೇ ಎಂದು ನೋಡಿ. ಸುರಿಯುತ್ತಿದ್ದರೆ ಮೊದಲು ಫಿರಂಗಿ ನಿಲ್ಲಿಸಿ ಮರೆಗೆ ಹೋಗಿ, ಕಣ್ಣಿಗೆ ಬೀಳುವುದು ತಪ್ಪಿದ ಮೇಲೆ ಒತ್ತಿ. ಮೂರಾದರೆ ಯೋಚನೆ ಬೇಡ. ಸಮಾಧಾನದ ಸಂಗತಿ ಏನೆಂದರೆ, ಟಿ ಕೀಯ ರಿಪೇರಿ ಪಾರ್ಟಿ ಬೆಂಕಿಯಿಂದಾದ ನಷ್ಟವನ್ನು ಸಾಮಾನ್ಯವಾಗಿ ಪೂರ್ತಿ ತುಂಬಿಕೊಡಬಲ್ಲದು, ಸಿಟಡೆಲ್ಲಿನ ಪೆಟ್ಟಿನಲ್ಲಿ ಮಾತ್ರ 10 ಶೇಕಡಾ. ಅದಕ್ಕೇ ಬೆಂಕಿಗೆ ಹೆದರಿ ಪಕ್ಕೆ ತಿರುಗಿಸಿ ಓಡುವುದು ಬಾಣಲೆಯಿಂದ ಬೆಂಕಿಗಲ್ಲ, ಬೆಂಕಿಯಿಂದ ಬಾಣಲೆಗೆ ಬಿದ್ದಂತೆ. ತಿರುಗಲೇಬೇಕಿದ್ದರೆ ಎದುರಿನ ಬ್ಯಾಟಲ್‌ಶಿಪ್ ಹೊಡೆದ ಮರುಕ್ಷಣ ತಿರುಗಿ. ಅವನಿಗೆ ರೀಲೋಡಿಗೆ ಸುಮಾರು 30 ಸೆಕೆಂಡ್ ಬೇಕು, ನಿಮ್ಮ ಪಕ್ಕೆ ತೆರೆದಿರಬೇಕಾದದ್ದು ಅಷ್ಟರೊಳಗೆ.

ಪ್ರಶ್ನೆ: ಟಾರ್ಪಿಡೊ ಬಿಟ್ಟರೆ ಒಂದೂ ತಾಗುವುದಿಲ್ಲ. ಬಿಳಿ ಗುರುತಿಗೆ ಸರಿಯಾಗಿಯೇ ಬಿಡುತ್ತೇನೆ.
— ಕುಶಾಲನಗರ

ಉತ್ತರ: ಆ ಗುರುತು ಹೇಳುವುದು ‘ಅವನು ಹೀಗೇ ಹೋದರೆ’ ಎಂದು. ಯಾರೂ ಹೀಗೇ ಹೋಗುವುದಿಲ್ಲ. ದ್ವೀಪ ಎಲ್ಲಿದೆ, ಅವನಿಗೆ ತಿರುಗಲು ಜಾಗ ಯಾವ ಕಡೆಗಿದೆ ನೋಡಿ ಅತ್ತ ಸ್ವಲ್ಪ ಸರಿಸಿ. ಟಾರ್ಪಿಡೊ ಆರಿಸುವ 3 ಕೀಯನ್ನು ಇನ್ನೊಮ್ಮೆ ಒತ್ತಿದರೆ ಹರಡುವಿಕೆ ಅಗಲ-ಕಿರಿದು ಬದಲಾಗುತ್ತದೆ. ದೂರಕ್ಕೆ ಅಗಲ, ಎದುರುಬದುರು ಸಿಕ್ಕಾಗ ಕಿರಿದು. ಫಿರಂಗಿಯಂತಲ್ಲ, ಟಾರ್ಪಿಡೊ ಬಿಟ್ಟದ್ದರಿಂದ ನೀವು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಡೆಸ್ಟ್ರಾಯರಿನಲ್ಲಿ ಮೊದಲು ಟಾರ್ಪಿಡೊ, ಆಮೇಲೆ ಬೇಕಿದ್ದರೆ ಫಿರಂಗಿ. ನಿಮ್ಮವರ ಹಡಗಿನ ಬೆನ್ನ ಹಿಂದಿನಿಂದ ಬಿಡಬೇಡಿ, ಅಷ್ಟೇ.

ಪ್ರಶ್ನೆ: ಮಗನನ್ನು ಊಟಕ್ಕೆ ಕರೆದರೆ ‘ನಿಲ್ಲಿಸಲಾಗದು ಅಮ್ಮ’ ಎನ್ನುತ್ತಾನೆ. ನಿಜವೇ?
— ತಾಯಿ, ಪೊನ್ನಂಪೇಟೆ

ಉತ್ತರ: ನಿಜ, ಆದರೆ 20 ನಿಮಿಷದ ಮಟ್ಟಿಗೆ. ಎದುರಿಗಿರುವವರೂ ಮನುಷ್ಯರೇ ಆದ್ದರಿಂದ ನಡುವೆ ತಡೆದು ನಿಲ್ಲಿಸುವ ‘ಪಾಜ್’ ಇಲ್ಲ. ಹಡಗು ಬದುಕಿರುವಾಗ ಬಿಟ್ಟು ಎದ್ದರೆ ಆಟ ದಂಡ ಹಾಕುವುದುಂಟು. ಹಡಗು ಮುಳುಗಿದ ಮೇಲೆ ಮಾತ್ರ ನಿರಾತಂಕವಾಗಿ ಹೊರಬರಬಹುದು, ಗಳಿಸಿದ ಅಂಕ ಪಂದ್ಯ ಮುಗಿದ ನಂತರ ಖಾತೆಗೆ ಬೀಳುತ್ತದೆ. ಹಾಗಾಗಿ ಕಡುಬು ಬೇಯಲು ಇಡುವ ಮೊದಲೇ ‘ಇದೇ ಕೊನೆಯ ಪಂದ್ಯ’ ಎಂದು ಹೇಳಿಡಿ. ‘ಮುಳುಗಿದೆ, ಆದರೂ ಏಳಲಾಗದು’ ಎಂದರೆ ಸುಳ್ಳು.

ಪ್ರಶ್ನೆ: ಜೂನ್‌ನಿಂದ ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲ, ಲೈನಿನ ಮೇಲೆ ಮರ ಬೀಳುತ್ತಲೇ ಇರುತ್ತದೆ. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ನೆಟ್ ಹೋಗುತ್ತದೆ. ಇದ್ದಾಗಲೂ ಹಡಗು ಜಿಗಿದು ಜಿಗಿದು ಓಡುತ್ತದೆ. ಏನು ಮಾಡಬಹುದು?
— ಭಾಗಮಂಡಲ ಹತ್ತಿರದ ಹಳ್ಳಿ

ಉತ್ತರ: ಎರಡು ಬೇರೆ ಬೇರೆ ರೋಗ. ಮೊದಲನೆಯದಕ್ಕೆ ರೂಟರ್ ಯುಪಿಎಸ್ ಸಾಕು, ದೊಡ್ಡ ಇನ್ವರ್ಟರ್ ಬೇಡ. ರೂಟರ್ ಅಡಾಪ್ಟರಿನ ಹಿಂದಿನ ಚೀಟಿ ಓದಿ: ಸಾಮಾನ್ಯವಾಗಿ 12 ವೋಲ್ಟ್, 1 ಆಂಪಿಯರ್ ಎಂದಿರುತ್ತದೆ. ಫೈಬರ್ ಪೆಟ್ಟಿಗೆ ಬೇರೆ, ವೈಫೈ ರೂಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕು. ಒಂದಕ್ಕೆ ಮಾತ್ರ ಕೊಟ್ಟು ‘ಯುಪಿಎಸ್ ಕೆಲಸ ಮಾಡುತ್ತಿಲ್ಲ’ ಎನ್ನುವವರಿದ್ದಾರೆ. ಡಬ್ಬದ ಮೇಲಿನ ದೊಡ್ಡ ಅಂಕಿ ನಂಬಬೇಡಿ. 8,000 ಎಂಎಎಚ್ ಎಂದು ಬರೆದಿರುವುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ, 12 ವೋಲ್ಟಿನದಲ್ಲ. 3.7ನ್ನು 8ರಿಂದ ಗುಣಿಸಿದರೆ ಸುಮಾರು 30 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಒಂದಿಷ್ಟು ಸೋರಿ, ಪೂರ್ತಿ 12 ವ್ಯಾಟ್ ಎಳೆಯುವ ಪೆಟ್ಟಿಗೆಗೆ ಎರಡು ಗಂಟೆ. ನಿಜವಾಗಿ ಅದು ಅಷ್ಟು ಎಳೆಯದ ಕಾರಣ ಇನ್ನೂ ಸ್ವಲ್ಪ ಹೆಚ್ಚು ಬರಬಹುದು. ಗುಡುಗು ಶುರುವಾದರೆ ಮಾತ್ರ ಯುಪಿಎಸ್ಸಿನ ಪ್ಲಗ್ ಗೋಡೆಯಿಂದ ಕಿತ್ತಿಡಿ. ಕಕ್ಕಡದ ಮಳೆಗಿಂತ ಏಪ್ರಿಲ್-ಮೇ ತಿಂಗಳ ಸಿಡಿಲು ಪೆಟ್ಟಿಗೆ ಸುಡುವುದು ಹೆಚ್ಚು.

ನಡುವೆ ಕಡಿದುಹೋದರೂ ಗಾಬರಿ ಬೇಡ. ಹಡಗು ಅಲ್ಲೇ ಇರುತ್ತದೆ, ಮತ್ತೆ ಲಾಗಿನ್ ಆದರೆ ನೇರ ಅದೇ ಪಂದ್ಯಕ್ಕೆ ಸೇರುತ್ತೀರಿ. ದೀಪ ಮಿಣುಕಲು ತೊಡಗಿದಾಗ ಎಂ ಒತ್ತಿ ನಕ್ಷೆ ತೆರೆದು ಮರೆಯ ಜಾಗಕ್ಕೆ ಆಟೋಪೈಲಟ್ ಗುರುತು ಹಾಕಿಡಿ; ಶಿಫ್ಟ್ ಹಿಡಿದು ಒಂದರ ಹಿಂದೊಂದು ಗುರುತು ಇಡಬಹುದು. ನೀವಿಲ್ಲದಿದ್ದರೂ ಹಡಗು ನಡುಗಡಲಿನಲ್ಲಿ ಪಕ್ಕೆ ತೋರಿಸಿ ನಿಲ್ಲುವುದಿಲ್ಲ.

ಇನ್ನು ಜಿಗಿತ. ನಮ್ಮಲ್ಲಿಂದ ಏಷ್ಯಾ ಸರ್ವರಿಗೆ ಆಡುವಾಗ ಪಿಂಗ್ (ಸಂದೇಶ ಸರ್ವರಿಗೆ ಹೋಗಿಬರುವ ಸಮಯ) ಹೆಚ್ಚಿರುವುದು ಸಹಜ, ಆದರೆ ಶೆಲ್ ಐದರಿಂದ ಹತ್ತು ಸೆಕೆಂಡ್ ಹಾರುವ ಆಟದಲ್ಲಿ ಅದು ಅಷ್ಟೇನೂ ಕಾಡದು. ಕಾಡುವುದು ಪಿಂಗಿನ ಏರಿಳಿತ. ಕಮಾಂಡ್ ಪ್ರಾಂಪ್ಟ್ ತೆರೆದು ಮೊದಲು ನಿಮ್ಮ ರೂಟರಿನ ವಿಳಾಸಕ್ಕೇ ಪಿಂಗ್ ಕೊಟ್ಟು ನೋಡಿ. ಅಲ್ಲಿಯೇ 2 ಮಿಲಿಸೆಕೆಂಡ್ ಇದ್ದದ್ದು 200ಕ್ಕೆ ಹಾರುತ್ತಿದ್ದರೆ ತಪ್ಪು ಕಂಪನಿಯದಲ್ಲ, ನಿಮ್ಮ ವೈಫೈಯದು. ಹಳೆಯ ಮನೆಗಳ ದಪ್ಪ ಗೋಡೆ 5 ಗಿಗಾಹರ್ಟ್ಸನ್ನು ನುಂಗುತ್ತದೆ. 2.4ಕ್ಕೆ ಬದಲಿಸಿ, ಇನ್ನೂ ಒಳ್ಳೆಯದೆಂದರೆ ಲ್ಯಾನ್ ಕೇಬಲ್ ಎಳೆಯಿರಿ, 100 ಮೀಟರಿನ ತನಕ ತೊಂದರೆಯಿಲ್ಲ. ಅಪ್‌ಡೇಟ್‌ಗಳು ಜಿಬಿಗಟ್ಟಲೆ ಬರುವುದರಿಂದ ಅವನ್ನು ಮೊಬೈಲ್ ಹಾಟ್‌ಸ್ಪಾಟಿಗೆ ಹಚ್ಚಬೇಡಿ. ಪಂದ್ಯಕ್ಕೆ ಮಾತ್ರ ಹಾಟ್‌ಸ್ಪಾಟ್ ಸಾಕಾಗುತ್ತದೆ.

ಪ್ರಶ್ನೆ: ಅಪ್‌ಗ್ರೇಡ್ ಅಲ್ಲ, ಹಡಗನ್ನೇ ನಾನು ಕಟ್ಟಬೇಕು. ಅಂಥ ಆಟ ಇದೆಯೇ?
— ಎಂಜಿನಿಯರಿಂಗ್ ವಿದ್ಯಾರ್ಥಿನಿ, ನಾಪೋಕ್ಲು

ಉತ್ತರ: ಇದೆ. ಕಂಪ್ಯೂಟರಿನಲ್ಲಿ ‘ಅಲ್ಟಿಮೇಟ್ ಅಡ್ಮಿರಲ್: ಡ್ರೆಡ್‌ನಾಟ್ಸ್’ ನೋಡಿ. ಇದು ನಿಧಾನದ ಆಟ, ಆರ್ಕೇಡ್ ಅಲ್ಲ. ಆದರೆ ಒಡಲು, ಗೋಪುರ, ಚಿಮಣಿ, ಫಿರಂಗಿ, ತಗಡಿನ ದಪ್ಪ ಎಲ್ಲವನ್ನೂ ನೀವೇ ಇಡಬೇಕು. ಮೊದಲ ಹಡಗಿನಲ್ಲಿ ಎಲ್ಲರೂ ಮಾಡುವ ತಪ್ಪು ಎರಡು. ದೊಡ್ಡ ಟರೆಟ್ಟುಗಳನ್ನು ಮುಂದೆಯೇ ಪೇರಿಸಿ ಮೂತಿ ಭಾರ ಮಾಡುವುದು: ಪರದೆಯಲ್ಲಿ ಹಿಂದು-ಮುಂದಿನ ತೂಕದ ವ್ಯತ್ಯಾಸ ತೋರಿಸುತ್ತದೆ, ಅದನ್ನು ಸೊನ್ನೆಯ ಹತ್ತಿರ ತರದಿದ್ದರೆ ಗುರಿ ಕೆಡುತ್ತದೆ. ಎರಡನೆಯದು ಚಿಮಣಿ ಕಡಿಮೆ ಇಟ್ಟು ಎಂಜಿನ್ನಿಗೆ ಉಸಿರುಕಟ್ಟಿಸುವುದು. ತೂಕ ಮಿತಿ ಮೀರಿದರೆ ಫಿರಂಗಿ ಕೀಳುವ ಮೊದಲು ವೇಗದಲ್ಲಿ ಒಂದೆರಡು ನಾಟ್ ಇಳಿಸಿ ನೋಡಿ. ಕೊನೆಯ ಆ ಎರಡು ನಾಟಿಗೆ ಎಂಜಿನ್ ತಿನ್ನುವ ತೂಕ ಕಂಡು ಬೆರಗಾಗುತ್ತೀರಿ.

ಪ್ರಶ್ನೆ: ನಿಜವಾದ ಯುದ್ಧನೌಕೆಯ ಮೇಲೆ ಕಾಲಿಡಲು ಕರ್ನಾಟಕದಲ್ಲಿ ಎಲ್ಲಿಗೆ ಹೋಗಬೇಕು?
— ಶನಿವಾರಸಂತೆ

ಉತ್ತರ: ಕಾರವಾರಕ್ಕೆ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ‘ಐಎನ್‌ಎಸ್ ಚಪಲ್’ ವಸ್ತುಸಂಗ್ರಹಾಲಯವಾಗಿ ನಿಂತಿದೆ. ಅದು ಕ್ಷಿಪಣಿ ದೋಣಿ, ಉದ್ದ ಸುಮಾರು 39 ಮೀಟರ್. ನೀವು ಆಡುವ ಯಮಾಟೊ 263 ಮೀಟರ್. ಡೆಕ್ಕಿನ ಮೇಲೆ ಫಿರಂಗಿಗಳ ಸಾಲು ಹುಡುಕಬೇಡಿ. ಪಕ್ಕಗಳಲ್ಲಿ ಕಾಣುವ ನಾಲ್ಕು ದೊಡ್ಡ ಕ್ಷಿಪಣಿ ಗೂಡುಗಳೇ ಅದರ ಮುಖ್ಯ ಆಯುಧ.